ಬಾದಾಮಿಯಿಂದ ಕಲ್ಯಾಣಕ್ಕೆ ಎಳೆಯುವ ಗೆರೆ ಗಟ್ಟಿಯೋ, ಚುಕ್ಕಿಯೋ?

ಗೆರೆಗಾರ:
ಕನ್ನಡ ನಾಡಿನ ರಾಜಮನೆತನಗಳ ವಂಶವೃಕ್ಷವನ್ನು ಒಂದೇ ದೊಡ್ಡ ಹಾಳೆಯಲ್ಲಿ ತರುವ ಕೆಲಸ ಹಿಡಿದಿದ್ದೇನೆ. ಬಾದಾಮಿಯ ಚಾಲುಕ್ಯರವರೆಗೆ ತೊಂದರೆಯಿಲ್ಲ. ಅವರ ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮನಿಗೆ ಬಂದು ಪೆನ್ಸಿಲ್ ನಿಂತಿದೆ. ಅವನ ವಕ್ಕಲೇರಿ ತಾಮ್ರಪಟ 757ರದು. ಅಲ್ಲಿಂದ ಮುಂದೆ ರಾಷ್ಟ್ರಕೂಟರ ಕಾಲ. 973ರಲ್ಲಿ ಕಲ್ಯಾಣದ ಚಾಲುಕ್ಯರ ಮೊದಲಿಗ ಇಮ್ಮಡಿ ತೈಲಪ ರಾಷ್ಟ್ರಕೂಟ ಇಮ್ಮಡಿ ಕರ್ಕನನ್ನು ಕೆಳಗಿಳಿಸಿ, 'ನಾವು ಅದೇ ಚಾಲುಕ್ಯರು' ಎಂದು ಮತ್ತೆ ಬರುತ್ತಾನೆ. ನಡುವೆ 216 ವರ್ಷ. ಆ ಅವಧಿಯಲ್ಲಿ ಈ ಮನೆತನ ಯಾರ ಕೈಕೆಳಗೆ, ಎಲ್ಲಿ, ಯಾವ ಹೆಸರಿನಲ್ಲಿ ಬದುಕಿತ್ತು? ಶಾಲೆಯ ಪುಸ್ತಕಗಳು 'ಅದೇ ವಂಶದ ಕುಡಿ' ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ನನ್ನ ಹಾಳೆಯಲ್ಲಿ ಹಾಗೆ ಮುಗಿಸಲು ಬರುವುದಿಲ್ಲ. ಎರಡು ಚೌಕಗಳ ನಡುವೆ ಗೆರೆಯೊಂದನ್ನು ಎಳೆಯಲೇಬೇಕು. ಸಂಬಂಧ ಖಚಿತವಿದ್ದರೆ ಗಟ್ಟಿ ಗೆರೆ, ಅನುಮಾನವಿದ್ದರೆ ಚುಕ್ಕಿ ಗೆರೆ ಎಂಬುದು ನಾನು ಇಟ್ಟುಕೊಂಡಿರುವ ನಿಯಮ. ಇಲ್ಲಿ ಯಾವುದು? ಶಾಸನ ಓದಿದವರು ದಯವಿಟ್ಟು ಹೇಳಿ.

ತಾಮ್ರಪಟ:
ಇದಕ್ಕೆ ಮುಖ್ಯ ಆಧಾರ ಐದನೆಯ ವಿಕ್ರಮಾದಿತ್ಯನ ಕೌಥೆಂ ತಾಮ್ರಪಟ. ಕಾಲ 1009. ದಾನ ಕೊಟ್ಟವನು ತೈಲಪನ ಮೊಮ್ಮಗ, ಅಂದರೆ ಸಿಂಹಾಸನ ಸಿಕ್ಕಿ ಮೂವತ್ತಾರು ವರ್ಷ ಕಳೆದ ಮೇಲೆ ಬರೆಸಿದ್ದು. ಅದರಲ್ಲಿ ಬಾದಾಮಿಯ ಅರಸರ ಪಟ್ಟಿ ಸರಿಯಾಗಿಯೇ ಬರುತ್ತದೆ. ಇಮ್ಮಡಿ ಕೀರ್ತಿವರ್ಮನ ಕಾಲದಲ್ಲಿ ಚಾಲುಕ್ಯ ರಾಜ್ಯಶ್ರೀಗೆ ಅಡ್ಡಿಯಾಯಿತು ಎಂದು ಒಪ್ಪಿಕೊಳ್ಳುತ್ತದೆ. ಆಮೇಲೆ ಕವಿ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಕೀರ್ತಿವರ್ಮನ ತಂದೆ ಇಮ್ಮಡಿ ವಿಕ್ರಮಾದಿತ್ಯನಿಗೆ ಒಬ್ಬ ತಮ್ಮನಿದ್ದ ಎನ್ನುತ್ತಾನೆ. ಆ ತಮ್ಮನ ಮಗ ಇನ್ನೊಬ್ಬ ಕೀರ್ತಿವರ್ಮ. ಅವನ ಮಗ ತೈಲ. ಅವನ ಮಗ ವಿಕ್ರಮಾದಿತ್ಯ. ಅವನ ಮಗ ಭೀಮ. ಅವನ ಮಗ ಅಯ್ಯಣ. ಅವನ ಮಗ ಮತ್ತೊಬ್ಬ ವಿಕ್ರಮಾದಿತ್ಯ. ಅವನ ಮಗನೇ ನಮ್ಮ ಇಮ್ಮಡಿ ತೈಲಪ. ಅಯ್ಯಣ ಕೃಷ್ಣನೆಂಬ ಅರಸನ ಮಗಳನ್ನು ಮದುವೆಯಾದ, ಕೊನೆಯ ವಿಕ್ರಮಾದಿತ್ಯ ಚೇದಿಯ ಲಕ್ಷ್ಮಣರಾಜನ ಮಗಳು ಬೊಂಥಾದೇವಿಯನ್ನು ತಂದುಕೊಂಡ ಎಂಬ ವಿವರವೂ ಇದೆ.

ಇನ್ನು ಆ ತಮ್ಮನ ವಿಷಯ. ಕವಲು ಒಡೆಯುವ ಗೆಣ್ಣು ಇರುವುದು ಅಲ್ಲಿಯೇ. ಶಾಸನದ ಮಾತು ಹೀಗಿದೆ: 'ವಿಕ್ರಮಾದಿತ್ಯಭೂಪಾಲಭ್ರಾತಾ ಭೀಮಪರಾಕ್ರಮಃ'. ವಿಕ್ರಮಾದಿತ್ಯ ಭೂಪಾಲನ ಸಹೋದರ, ಭೀಮಪರಾಕ್ರಮ. ಇದು ಅವನ ಹೆಸರೇ, ಭೀಮನಂಥ ಪರಾಕ್ರಮಿ ಎಂಬ ವಿಶೇಷಣವೇ? ಹೆಸರೆಂದು ಓದಿದವರು ವಂಶಾವಳಿಯಲ್ಲಿ 'ಒಂದನೆಯ ಭೀಮ' ಎಂದು ಕೂರಿಸಿದ್ದಾರೆ. ವಿಶೇಷಣವೆಂದು ಓದಿದರೆ ಆ ಜಾಗದಲ್ಲಿ ಹೆಸರೇ ಇಲ್ಲದ ಒಬ್ಬ ತಮ್ಮ ಉಳಿಯುತ್ತಾನೆ. ಹಿಂದಿನವರನ್ನೂ ಮುಂದಿನವರನ್ನೂ ಹೆಸರು ಹಿಡಿದು ಹೇಳಿದ ಕವಿ, ಎರಡು ಮನೆಗಳನ್ನು ಜೋಡಿಸುವ ಒಬ್ಬನ ವಿಷಯದಲ್ಲಿ ಮಾತ್ರ ಹೀಗೆ ತೇಲಿಸಿದ್ದಾನೆ.

ವೀರಗಲ್ಲು:
ಅನುಮಾನ ಪಡಬೇಕೆಂದೇ ಕುಳಿತರೆ ಯಾರ ವಂಶ ಉಳಿಯುತ್ತದೆ ಹೇಳಿ. ವರಾಹ ಲಾಂಛನ ಅದೇ. 'ಸತ್ಯಾಶ್ರಯಕುಲತಿಲಕ', 'ಶ್ರೀಪೃಥ್ವೀವಲ್ಲಭ' ಎಂಬ ಬಿರುದುಗಳು ಬಾದಾಮಿಯ ನೆನಪನ್ನೇ ಹೊತ್ತಿವೆ; ಸತ್ಯಾಶ್ರಯ ಎಂಬುದು ಇಮ್ಮಡಿ ಪುಲಕೇಶಿಯ ಬಿರುದು. ತೈಲಪನ ಮಗ ಸತ್ಯಾಶ್ರಯ, ಮೊಮ್ಮಕ್ಕಳು ವಿಕ್ರಮಾದಿತ್ಯ, ಜಯಸಿಂಹ. ಮನೆತನದ ಹಿರಿಯರ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮಲ್ಲಿ ಇಂದಿಗೂ ಇದೆ. ಎರಡು ಶತಮಾನ ಸಾಮಂತರಾಗಿ ಕಾದಿದ್ದು, ಸಮಯ ಬಂದಾಗ ಎದ್ದರು. ಗೆರೆ ಗಟ್ಟಿಯಾಗಿಯೇ ಎಳೆಯಿರಿ.

ಸಂದೇಹಿ:
ವೀರಗಲ್ಲು ಅವರೇ, ನೀವು ಕೊಟ್ಟ ಹೆಸರುಗಳೆಲ್ಲ ಪಟ್ಟವೇರಿದ ಮನೆಯವು. ಪಟ್ಟಕ್ಕೆ ಮುಂಚಿನ ಹೆಸರುಗಳನ್ನು ನೋಡಿ: ತೈಲ, ಅಯ್ಯಣ, ಭೀಮ. ಬಾದಾಮಿಯ ಅರಸರ ಪಟ್ಟಿಯಲ್ಲಿ ಈ ಮೂರೂ ಇಲ್ಲ. ಚಕ್ರವರ್ತಿಯಾದವನು ಮಗನಿಗೆ ಚಕ್ರವರ್ತಿಯ ಹೆಸರಿಡುವುದರಲ್ಲಿ ಆಶ್ಚರ್ಯವೇನಿದೆ? ಲಾಂಛನ, ಬಿರುದುಗಳಿಗೂ ಇದೇ ಮಾತು. ಅವನ್ನು ಹುಟ್ಟಿನಿಂದಲೇ ಪಡೆಯಬೇಕೆಂದೇನೂ ಇಲ್ಲ, ಎತ್ತಿಕೊಳ್ಳಲೂ ಬರುತ್ತದೆ.

ಕೌಥೆಂ ಪಟವನ್ನು ಬರೆದವನು ಎಂಥವನು ಎಂದು ತಿಳಿಯಲು ಅದರ ಮೊದಲ ಭಾಗವನ್ನು ಓದಬೇಕು. ಅಯೋಧ್ಯೆಯಲ್ಲಿ ಐವತ್ತೊಂಬತ್ತು ಚಾಲುಕ್ಯ ಅರಸರು ಆಳಿದರಂತೆ, ಆಮೇಲೆ ದಕ್ಷಿಣಾಪಥದಲ್ಲಿ ಹದಿನಾರು ಮಂದಿ. ಬಾದಾಮಿಯವರು ತಮ್ಮದೇ ಶಾಸನಗಳಲ್ಲಿ ಮಾನವ್ಯ ಗೋತ್ರ, ಹಾರಿತೀಪುತ್ರ ಎಂದು ಹೇಳಿಕೊಂಡರೇ ಹೊರತು ಅಯೋಧ್ಯೆಯ ಸುದ್ದಿ ಎತ್ತಿರಲಿಲ್ಲ. ಇನ್ನೂ ಸೊಗಸಾದದ್ದು ಮುಂದಿದೆ. ಮೂಲಪುರುಷ ಜಯಸಿಂಹ ರಾಷ್ಟ್ರಕೂಟ ಕೃಷ್ಣನ ಮಗ ಇಂದ್ರನನ್ನು, ಅವನ ಎಂಟು ನೂರು ಆನೆಗಳ ಸೈನ್ಯ ಸಮೇತ ಸೋಲಿಸಿ ರಾಜ್ಯವನ್ನು ಮರಳಿ ಪಡೆದನಂತೆ. ರವಿಕೀರ್ತಿಯ ಐಹೊಳೆ ಶಾಸನ 634ರದು; ಅದರಲ್ಲಿ ಜಯಸಿಂಹನ ಹೆಸರು ಬರುತ್ತದೆ, ರಾಷ್ಟ್ರಕೂಟರ ಮೇಲಿನ ಇಂಥ ಗೆಲುವಿನ ಸೊಲ್ಲೇ ಇಲ್ಲ. ಇಮ್ಮಡಿ ಪುಲಕೇಶಿಯನ್ನು ಹೊಗಳಲು ಕುಳಿತ ರವಿಕೀರ್ತಿ ಎಂಟು ನೂರು ಆನೆಗಳನ್ನು ಬಿಟ್ಟುಬಿಡುವ ಪೈಕಿಯವನೇ? 973ರಲ್ಲಿ ತೈಲಪ ಮಾಡಿದ ಕೆಲಸವನ್ನೇ ಮುತ್ತಾತನ ಮುತ್ತಾತನ ತಲೆಗೆ ಕಟ್ಟಿದ್ದಾರೆ, ಅಷ್ಟೆ. ಆದಿಯನ್ನು ಹೀಗೆ ತಿದ್ದಿದ ಕೈ ನಡುವಿನ ತಮ್ಮನನ್ನು ಮಾತ್ರ ಮುಟ್ಟಲಿಲ್ಲ ಎಂದು ನಾನೇಕೆ ನಂಬಬೇಕು? ಈ ಅನುಮಾನ ಹೊಸದೇನಲ್ಲ. ತೈಲಪನದು ಬಾದಾಮಿಯ ಮುಖ್ಯ ಮನೆಯಲ್ಲ, ಬೇರೆಯೇ ಕವಲಿರಬೇಕು ಎಂದು ಇತಿಹಾಸಕಾರ ಆರ್. ಜಿ. ಭಂಡಾರ್ಕರ್ ಅವರೇ ಶಂಕಿಸಿದ್ದರು.

ಹಳಗನ್ನಡಿಗ:
ಬಿರುದಿನ ವಿಷಯ ಬಂದದ್ದರಿಂದ ಎರಡು ಮಾತು. ನಮ್ಮ ಮಧ್ಯಯುಗದ ಸಾಮಂತರಿಗೆಲ್ಲ ಒಂದು 'ಪುರವರಾಧೀಶ್ವರ', ಅಂದರೆ ಇಂಥ ಶ್ರೇಷ್ಠ ಪಟ್ಟಣದ ಒಡೆಯ ಎಂಬ ಬಿರುದು ಇರುತ್ತಿತ್ತು. ಹಾನಗಲ್ಲಿನ ಕದಂಬರು 'ಬನವಾಸಿಪುರವರಾಧೀಶ್ವರ', ಸವದತ್ತಿಯ ರಟ್ಟರು 'ಲತ್ತಲೂರುಪುರವರಾಧೀಶ್ವರ', ಶಿಲಾಹಾರರು 'ತಗರಪುರವರಾಧೀಶ್ವರ', ಹೊಯ್ಸಳರು 'ದ್ವಾರಾವತೀಪುರವರಾಧೀಶ್ವರ', ಗುತ್ತಲದ ಗುತ್ತರು 'ಉಜ್ಜಯಿನೀಪುರವರಾಧೀಶ್ವರ', ಕಲಚುರಿಗಳು 'ಕಾಲಂಜರಪುರವರಾಧೀಶ್ವರ'. ನಾಗವಂಶದ ಸಿಂದರಂತೂ 'ಭೋಗಾವತೀಪುರವರಾಧೀಶ್ವರ', ಅಂದರೆ ಪಾತಾಳದ ಪಟ್ಟಣಕ್ಕೇ ಒಡೆಯರು! ಹೊಯ್ಸಳರಲ್ಲಿ ಒಬ್ಬನೂ ದ್ವಾರಕೆಯನ್ನು ಆಳಲಿಲ್ಲ, ಗುತ್ತರಲ್ಲಿ ಒಬ್ಬನೂ ಉಜ್ಜಯಿನಿಯನ್ನು ಆಳಲಿಲ್ಲ. ಆ ಬಿರುದು 'ನಮ್ಮ ಹಿರಿಯರು ಅಲ್ಲಿಂದ ಬಂದವರು' ಎಂಬ ಹೇಳಿಕೆ, ಆಳ್ವಿಕೆಯ ದಾಖಲೆಯಲ್ಲ.

ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ರಟ್ಟರ ಲತ್ತಲೂರು ತೂಕದ್ದು, ಏಕೆಂದರೆ ರಾಷ್ಟ್ರಕೂಟ ಅಮೋಘವರ್ಷನಿಗೂ 9ನೆಯ ಶತಮಾನದ ಶಾಸನಗಳಲ್ಲಿ ಅದೇ ಲತ್ತಲೂರಿನ ಬಿರುದು ಇದೆ. ರಟ್ಟರು ಅವನ ಮಕ್ಕಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಪುರಾಣದಿಂದ ತಂದ ದ್ವಾರಕೆಗಿಂತ ಇದು ನೆಲಕ್ಕೆ ಹತ್ತಿರ.

ಇನ್ನೊಂದು. ನಡುವಿನ ಕಾಲದಲ್ಲಿ ಚಾಲುಕ್ಯರೆಂದು ಹೇಳಿಕೊಂಡವರು ತೈಲಪನ ಹಿರಿಯರು ಮಾತ್ರವಲ್ಲ. ವೇಮುಲವಾಡದಲ್ಲಿ ಅರಿಕೇಸರಿಯ ಮನೆತನವಿತ್ತು, ಅವರೂ ರಾಷ್ಟ್ರಕೂಟರ ಸಾಮಂತರೇ. ಪಂಪ 941ರಲ್ಲಿ ಮುಗಿಸಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ತನ್ನ ಒಡೆಯನ ವಂಶವನ್ನು ವಿವರವಾಗಿ ಹೇಳುತ್ತಾನೆ. ಆದರೆ ಅದು ಶುರುವಾಗುವುದು ಯುದ್ಧಮಲ್ಲನಿಂದ. ಎಣ್ಣೆ ತುಂಬಿದ ಬಾವಿಯಲ್ಲಿ ಆನೆಗಳಿಗೆ ಮಜ್ಜನ ಮಾಡಿಸುತ್ತಿದ್ದ ಯುದ್ಧಮಲ್ಲ. ಬಾದಾಮಿಯ ಪುಲಕೇಶಿಗೆ ಅವನೇನಾಗಬೇಕು ಎಂಬುದನ್ನು ಪಂಪ ಹೇಳುವುದಿಲ್ಲ. ಅರಿಕೇಸರಿಯನ್ನು ಅರ್ಜುನನಿಗೇ ಸಮನಾಗಿ ನಿಲ್ಲಿಸಿದ ಕವಿಗೆ ಬಾದಾಮಿಯ ಒಂದು ಕೊಂಡಿ ಸೇರಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ಸಿಂಹಾಸನದ ಹಕ್ಕು ಸಾಧಿಸುವ ಜರೂರು ವೇಮುಲವಾಡಕ್ಕೆ ಇರಲಿಲ್ಲ. ಕಲ್ಯಾಣಕ್ಕೆ ಇತ್ತು.

ಲೆಕ್ಕಿಗ:
ನನಗೆ ಸಂಸ್ಕೃತ ಬರುವುದಿಲ್ಲ, ಎಣಿಸಲು ಬರುತ್ತದೆ. ತಾಮ್ರಪಟ ಅವರು ಕೊಟ್ಟ ಪಟ್ಟಿಯನ್ನು ರಾಷ್ಟ್ರಕೂಟರ ಪಕ್ಕದಲ್ಲಿಟ್ಟು ನೋಡಿದೆ. ರಾಷ್ಟ್ರಕೂಟರ ತಲೆಮಾರುಗಳು ಅವರವೇ ಸಮಕಾಲೀನ ಶಾಸನಗಳಿಂದ ಗೊತ್ತಿರುವುದರಿಂದ ಅಳತೆಗೋಲಿಗೆ ಒಳ್ಳೆಯದು.

ಇಮ್ಮಡಿ ವಿಕ್ರಮಾದಿತ್ಯನ ತಮ್ಮನಿಗೆ ಸರಿಸುಮಾರು ಸಮಕಾಲೀನ ಒಂದನೆಯ ಕೃಷ್ಣ, ದಂತಿದುರ್ಗನ ಚಿಕ್ಕಪ್ಪ. ಅವನಿಂದ ಕೆಳಗೆ ಧ್ರುವ, ಮುಮ್ಮಡಿ ಗೋವಿಂದ, ಅಮೋಘವರ್ಷ, ಇಮ್ಮಡಿ ಕೃಷ್ಣ, ಪಟ್ಟಕ್ಕೆ ಬರದೆ ತೀರಿಕೊಂಡ ಜಗತ್ತುಂಗ, ಮುಮ್ಮಡಿ ಅಮೋಘವರ್ಷ, ಮುಮ್ಮಡಿ ಕೃಷ್ಣ. ಒಟ್ಟು ಎಂಟು ತಲೆಮಾರು. ಕೌಥೆಂ ಪಟ್ಟಿಯಲ್ಲಿ ತಮ್ಮನಿಂದ ಇಮ್ಮಡಿ ತೈಲಪನವರೆಗೂ ಎಂಟೇ. ತೈಲಪ ಮುಮ್ಮಡಿ ಕೃಷ್ಣನ ಕೈಕೆಳಗಿದ್ದವನು. ಇನ್ನು ಅಯ್ಯಣ ಆರನೆಯ ತಲೆಮಾರು. ಅವನು ಮದುವೆಯಾದದ್ದು ಕೃಷ್ಣನ ಮಗಳನ್ನು. ಐದನೆಯ ತಲೆಮಾರಿನಲ್ಲಿ ಇಮ್ಮಡಿ ಕೃಷ್ಣ ಕುಳಿತಿದ್ದಾನೆ. ಅವನ ಮಗಳು ಆರನೆಯ ತಲೆಮಾರಿನವಳು. ಬೀಗ ಕೀಲಿಗೆ ಕೂತಂತೆ ಕೂರುತ್ತದೆ.

ಕೂರದ ಜಾಗವೂ ಒಂದಿದೆ. ಬೊಂಥಾದೇವಿಯ ತಂದೆ ಚೇದಿಯನ್ನು ಆಳಿದ ತ್ರಿಪುರಿಯ ಕಲಚುರಿ ಲಕ್ಷ್ಮಣರಾಜನೇ ಆಗಿದ್ದರೆ, ಅವನ ಸೋದರಿ ಕುಂದಕದೇವಿ ಮುಮ್ಮಡಿ ಅಮೋಘವರ್ಷನ ರಾಣಿ. ಅಂದರೆ ಬೊಂಥಾದೇವಿ ಮುಮ್ಮಡಿ ಕೃಷ್ಣನಿಗೆ ಸರಿಸಮಾನಳು, ಅವಳ ಮಗ ತೈಲಪ ಒಂದು ತಲೆಮಾರು ಕೆಳಗೆ. ಅವಳ ತಂದೆ ಆಳಿದ್ದು 10ನೆಯ ಶತಮಾನದ ನಡುಭಾಗದಲ್ಲಿ, ಮೊಮ್ಮಗ 965ಕ್ಕೇ ತರ್ದವಾಡಿ ಸಾಸಿರ ಎಂಬ ನಾಡನ್ನು ಆಳುತ್ತಿದ್ದಾನೆ. ತಾತ ಮೊಮ್ಮಗ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಅಧಿಕಾರದಲ್ಲಿ! ಬಿಗಿಯಾಗುತ್ತದೆ, ಅಸಾಧ್ಯವಲ್ಲ. ಎಳೆಯ ವಯಸ್ಸಿನ ಮದುವೆಗಳ ಕಾಲವದು, ವಯಸ್ಸಾದ ಮೇಲೆ ಪಟ್ಟವೇರಿದ ಅರಸರೂ ಉಂಟು.

ಕಟ್ಟುಕಥೆಯ ವಂಶಾವಳಿಗಳು ಸಾಮಾನ್ಯವಾಗಿ ಸಿಕ್ಕಿಬೀಳುವುದು ಎಣಿಕೆಯಲ್ಲೇ. ಇನ್ನೂರು ವರ್ಷಕ್ಕೆ ನಾಲ್ಕು ಹೆಸರು ಕೊಟ್ಟಿರುತ್ತಾರೆ, ಇಲ್ಲವೇ ಹದಿನೈದು ತುರುಕಿರುತ್ತಾರೆ. ಕೌಥೆಂ ಪಟ್ಟಿ ಆ ಪರೀಕ್ಷೆಯಲ್ಲಿ ಸೋಲುವುದಿಲ್ಲ.

ಸಂದೇಹಿ:
ಲೆಕ್ಕ ಚೆನ್ನಾಗಿದೆ. ಆದರೆ ಅದು ಪಟ್ಟಿಯ ಕೆಳಭಾಗಕ್ಕೆ ಕೊಡುವ ಬಲ ಮೇಲ್ಭಾಗಕ್ಕೆ ಹರಿಯುವುದಿಲ್ಲ. ತೈಲಪನಿಗೆ ತನ್ನ ತಂದೆ, ತಾತ, ಮುತ್ತಾತ ಯಾರೆಂದು ಗೊತ್ತಿದ್ದೇ ಇರುತ್ತದೆ. ಅಲ್ಲಿಗೆ ಎರಡನೆಯ ಭೀಮನವರೆಗೆ ಬಂದೆವು. ಅವನ ತಂದೆ ವಿಕ್ರಮಾದಿತ್ಯನೂ ಮನೆಯ ನೆನಪಿನಲ್ಲಿ ಉಳಿದಿರಬಹುದು. ಉಳಿದವರು ಮೂವರು: ಹೆಸರಿಲ್ಲದ ತಮ್ಮ, ಅವನ ಮಗ ಕೀರ್ತಿವರ್ಮ, ಮೊದಲ ತೈಲ. ಈ ಮೂವರಲ್ಲಿ ಇಬ್ಬರನ್ನು ಬಾದಾಮಿಯ ಪಟ್ಟಿ ನೋಡಿಕೊಂಡೇ ಸೃಷ್ಟಿಸಲು ಬರುತ್ತಿತ್ತು. ಅವರು ಬದುಕಿದ್ದಾಗಿನ ಒಂದು ಶಾಸನವನ್ನು ತೋರಿಸಿ, ನಾನು ಬಾಯಿ ಮುಚ್ಚುತ್ತೇನೆ.

ತಾಮ್ರಪಟ:
ಆ ಮೂವರದನ್ನು ನಾನು ತೋರಿಸಲಾರೆ. ಆದರೆ 'ಪಟ್ಟ ಸಿಕ್ಕಿದ ಮೇಲೆ ಕಟ್ಟಿದ ಕಥೆ' ಎಂಬ ಮಾತಿಗೆ ಅಡ್ಡ ಬರುವ ಶಾಸನವೊಂದಿದೆ. ವಿಜಯಪುರ ಜಿಲ್ಲೆಯ ನರಸಲಗಿಯದು, 957ರದು. ಆಗ ಮುಮ್ಮಡಿ ಕೃಷ್ಣ ಪ್ರಬಲನಾಗಿದ್ದ ಕಾಲ. ರಾಷ್ಟ್ರಕೂಟರು ಇನ್ನು ಹದಿನಾರು ವರ್ಷಗಳಲ್ಲಿ ಮುಳುಗುತ್ತಾರೆಂದು ಯಾರೂ ಊಹಿಸಿರಲಾರರು. ಅಂಥ ಹೊತ್ತಿನಲ್ಲಿ, ಕೃಷ್ಣನ ಸಾಮಂತನಾಗಿಯೇ, ತೈಲಪ 'ಚಾಲುಕ್ಯರಾಮ', 'ಆಹವಮಲ್ಲ' ಎನಿಸಿಕೊಂಡು ಸತ್ಯಾಶ್ರಯನ ವಂಶದವನೆಂದು ಕಾಣಿಸಿಕೊಳ್ಳುತ್ತಾನೆ. ಕೌಥೆಂ ಪಟಕ್ಕಿಂತ ಅರ್ಧ ಶತಮಾನ ಹಿಂದಿನ ಮಾತು. ತನ್ನ ಒಡೆಯನ ಪೂರ್ವಜರು ಯಾರ ರಾಜ್ಯ ಕಿತ್ತುಕೊಂಡರೋ ಆ ವಂಶದವನು ನಾನು ಎಂದು ಒಡೆಯನ ಆಳ್ವಿಕೆಯಲ್ಲೇ ಕಲ್ಲಿನಲ್ಲಿ ಕೆತ್ತಿಸಿದರೂ ಅವನ ಪದವಿಗೆ ಕುಂದು ಬರಲಿಲ್ಲ, 965ರಲ್ಲಿ ತರ್ದವಾಡಿ ಅವನ ಕೈಯಲ್ಲೇ ಇತ್ತು. ನನಗೆ ಇದರಿಂದ ಅನಿಸುವುದು ಇಷ್ಟು: ಆ ಮನೆತನ ಚಾಲುಕ್ಯರದು ಎಂಬುದು ಆಗಲೇ ನಾಲ್ಕು ಜನರಿಗೆ ಗೊತ್ತಿದ್ದ, ಯಾರೂ ತಕರಾರು ತೆಗೆಯದ ಸಂಗತಿ. ಬಾದಾಮಿಯ ಯಾವ ಕೊಂಬೆ ಎಂಬುದು ಬೇರೆ ಪ್ರಶ್ನೆ.

ಹೊಸಬ:
ಕೇಳಬಾರದ ಪ್ರಶ್ನೆಯಾದರೆ ಬಿಟ್ಟುಬಿಡಿ. ಡಿಎನ್‌ಎ ಪರೀಕ್ಷೆಯಿಂದ ಇದೆಲ್ಲ ಒಂದೇ ದಿನದಲ್ಲಿ ಇತ್ಯರ್ಥವಾಗುವುದಿಲ್ಲವೇ?

ಲೆಕ್ಕಿಗ:
ಸುಟ್ಟು ಬೂದಿಯನ್ನು ಹೊಳೆಗೆ ಬಿಟ್ಟವರ ಮಾದರಿ ಎಲ್ಲಿಂದ ತರುತ್ತೀರಿ? ಹೋಲಿಸಲು ಎರಡೂ ಕಡೆಯ ಅಸ್ಥಿ ಬೇಕು, ಇಲ್ಲಿ ಒಂದು ಕಡೆಯದೂ ಇಲ್ಲ.

ವೀರಗಲ್ಲು:
ಮದುವೆಗಳನ್ನು ಯಾಕೆ ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ? ಇಮ್ಮಡಿ ಕೃಷ್ಣನಂಥ ಚಕ್ರವರ್ತಿ ಹಾದಿಯಲ್ಲಿ ಹೋಗುವವನಿಗೆ ಮಗಳನ್ನು ಕೊಡುತ್ತಾನೆಯೇ? ತೈಲಪನ ರಾಣಿ ಜಾಕಬ್ಬೆಯೂ ರಾಷ್ಟ್ರಕೂಟ ಭಮ್ಮಹನ ಮಗಳು. ರಾಜರಕ್ತವಿದ್ದ ಮನೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಹಳಗನ್ನಡಿಗ:
ಮದುವೆ ಹೇಳುವುದು ಆ ಮನೆಗೆ ಆಗ ಇದ್ದ ತೂಕವನ್ನು. ಇನ್ನೂರು ವರ್ಷ ಹಿಂದಿನ ತಾತನನ್ನು ಅದು ತೋರಿಸಿಕೊಡುವುದಿಲ್ಲ. ಗಂಗ ಇಮ್ಮಡಿ ಬೂತುಗನಿಗೆ ಮುಮ್ಮಡಿ ಅಮೋಘವರ್ಷನ ಮಗಳು ರೇವಕನಿಮ್ಮಡಿಯನ್ನು ಕೊಟ್ಟು, ಬಳುವಳಿಯಾಗಿ ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತನ್ನು ಕೊಟ್ಟರು. ಹೆಬ್ಬಾಳದ ಶಾಸನ ಇದನ್ನು ಹೇಳುತ್ತದೆ. ಇಷ್ಟು ನಾಡುಗಳನ್ನು ಕೊಟ್ಟದ್ದು ಬೂತುಗನ ಕತ್ತಿ ಬೇಕಾಗಿತ್ತು ಎಂಬ ಕಾರಣಕ್ಕೆ. 949ರಲ್ಲಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದು ಬೂತುಗ ಆ ಋಣ ತೀರಿಸಿದ. ಅವನ ಹಿರಿಯರು ಎಲ್ಲಿಯವರು ಎಂದು ಯಾರೂ ಕೇಳುತ್ತಾ ಕೂರಲಿಲ್ಲ.

ನಿಜಕ್ಕೂ ಗಟ್ಟಿಯಾದ ಸಂಬಂಧ ಶಾಸನದಲ್ಲಿ ಹೇಗೆ ಕಾಣುತ್ತದೆ ಎಂದು ನೋಡಬೇಕಾದರೆ ಶ್ರವಣಬೆಳಗೊಳಕ್ಕೆ ಹೋಗಬೇಕು. ರಾಷ್ಟ್ರಕೂಟರ ಕೊನೆಯ ಆಸೆಯಾಗಿದ್ದ ಇಂದ್ರರಾಜ 982ರಲ್ಲಿ ಅಲ್ಲಿ ಸಲ್ಲೇಖನದಿಂದ ಪ್ರಾಣಬಿಟ್ಟ. ಅಲ್ಲಿನ ಶಾಸನ ಅವನನ್ನು ಮುಮ್ಮಡಿ ಕೃಷ್ಣನ ಮೊಮ್ಮಗನೆಂದೂ ಗಂಗಗಾಂಗೇಯನ, ಅಂದರೆ ಬೂತುಗನ, ಮಗಳ ಮಗನೆಂದೂ ಹೇಳುತ್ತದೆ. ತಂದೆಯ ಕಡೆ, ತಾಯಿಯ ಕಡೆ ಎರಡೂ ಇದೆ. ರಾಜ್ಯವಂತೂ ಆಗಲೇ ಹೋಗಿತ್ತು, ಸತ್ತವನ ವಂಶವನ್ನು ಉಬ್ಬಿಸಿ ಯಾರಿಗೂ ಏನೂ ದಕ್ಕುವಂತಿರಲಿಲ್ಲ. ಅವನನ್ನು ಕಣ್ಣಾರೆ ಕಂಡವರು ಓದುವ ಕಲ್ಲು ಅದು. ಕೌಥೆಂ ಪಟದ ಆ ತಮ್ಮನಿಗೂ ಅದನ್ನು ಬರೆದವನಿಗೂ ನಡುವೆ ಎರಡೂವರೆ ಶತಮಾನ ಇದೆ, ಬರೆಸಿದವನಿಗೆ ಲಾಭವೂ ಇದೆ.

ಹೊಸಬ:
ಹಾಗಾದರೆ ವಿಜಯನಗರದ ಸಂಗಮರು ಹೊಯ್ಸಳರ ರಕ್ತಸಂಬಂಧಿಗಳು ಎನ್ನುವುದೂ ಇದೇ ಬಗೆಯದೇ?

ತಾಮ್ರಪಟ:
ಅಲ್ಲಿ ಇನ್ನೂ ತೆಳು. ಹೊಯ್ಸಳ ಮನೆತನದ ಬಲ್ಲಪ್ಪ ದಂಡನಾಯಕ ಹರಿಹರನಿಗೆ ಅಳಿಯ ಎಂಬುದನ್ನು ಹಿಡಿದು ದೊಡ್ಡ ಸೌಧ ಕಟ್ಟಿದ್ದಾರೆ. ಹರಿಹರ ಹೊಯ್ಸಳರಿಗೆ ಹೆಣ್ಣು ಕೊಟ್ಟ ಎಂದಾಗುತ್ತದೆಯೇ ವಿನಾ ಅವನೇ ಹೊಯ್ಸಳ ಎಂದಾಗುವುದಿಲ್ಲ. ಸಂಗಮರು ತಮ್ಮ ಶಾಸನಗಳಲ್ಲಿ ಚಂದ್ರವಂಶ, ಯದುಕುಲ ಎನ್ನುತ್ತಾರೆ, ಹೊಯ್ಸಳ ತಾತನೊಬ್ಬನ ಹೆಸರು ಹೇಳುವುದಿಲ್ಲ. ಅದನ್ನು ಇಲ್ಲಿ ಬೆಳೆಸುವುದು ಬೇಡ, ತೈಲಪ ಹಿಂದೆ ಬೀಳುತ್ತಾನೆ.

ಗೆರೆಗಾರ:
ಎಲ್ಲರಿಗೂ ನಮಸ್ಕಾರ. ಹಾಳೆಯಲ್ಲಿ ಹೀಗೆ ಬರೆಯುತ್ತಿದ್ದೇನೆ. ತೈಲಪನಿಂದ ಮೇಲಕ್ಕೆ ಮುತ್ತಾತ ಭೀಮನವರೆಗೆ ಗಟ್ಟಿ ಗೆರೆ. ಅಲ್ಲಿಂದ ಕೀರ್ತಿವರ್ಮನವರೆಗೆ ಚುಕ್ಕಿ ಗೆರೆ, ಪಕ್ಕದಲ್ಲಿ 'ಕೌಥೆಂ, 1009' ಎಂದು ಸಣ್ಣ ಅಕ್ಷರದಲ್ಲಿ. ಇಮ್ಮಡಿ ವಿಕ್ರಮಾದಿತ್ಯನ ತಮ್ಮನಿಗೆ ಖಾಲಿ ಚೌಕ, ಒಳಗೆ 'ಭೀಮ?' ಎಂದು ಪ್ರಶ್ನಾರ್ಥಕ ಚಿಹ್ನೆಯೊಡನೆ. ಬೊಂಥಾದೇವಿಯಿಂದ ತ್ರಿಪುರಿಯ ಕಡೆಗೂ ಚುಕ್ಕಿ ಗೆರೆಯೇ. ಜೊತೆಗೆ, ತೈಲಪನ ಚೌಕದ ಪಕ್ಕದಲ್ಲಿ 'ನರಸಲಗಿ, 957: ಸತ್ಯಾಶ್ರಯ ವಂಶದವನೆಂದು' ಎಂಬ ಟಿಪ್ಪಣಿ, ಪಟ್ಟಕ್ಕೆ ಮುಂಚಿನದೆಂದು ಕಾಣುವಂತೆ. ವೇಮುಲವಾಡವನ್ನು ಎಲ್ಲಿ ತೂಗಿಹಾಕಲಿ?

ಹಳಗನ್ನಡಿಗ:
ಪ್ರತ್ಯೇಕ ಚೌಕ, ಗೆರೆಯೇ ಬೇಡ. ಪಂಪ ಎಳೆಯದ ಗೆರೆಯನ್ನು ನಾವೇಕೆ ಎಳೆಯಬೇಕು.

ವೀರಗಲ್ಲು:
ನರಸಲಗಿಯ ಟಿಪ್ಪಣಿ ದಪ್ಪ ಅಕ್ಷರದಲ್ಲಿರಲಿ. ಮತ್ತು ನಿಮ್ಮ ಹಾಳೆ ಏನೇ ಹೇಳಲಿ, ನನ್ನ ಪ್ರತಿಯಲ್ಲಿ ಆ ಚುಕ್ಕಿಗಳನ್ನು ಶಾಯಿಯಲ್ಲಿ ಸೇರಿಸಿಕೊಳ್ಳುತ್ತೇನೆ.

ಸಂದೇಹಿ:
ಸೇರಿಸಿಕೊಳ್ಳಿ. ಪಕ್ಕದಲ್ಲಿ ಎಂಟು ನೂರು ಆನೆಗಳನ್ನೂ ಬರೆದುಕೊಳ್ಳಿ.